ಒಂದು ಗುಂಟೆಯ ಲೆಕ್ಕ

ಕೊಯ್ಲಿನ ಹೊತ್ತಿಗೆ ಹೊಲಕ್ಕೆ ಬರುವ ಸರ್ಕಾರಿ ನೌಕರನ ಬಳಿ ಇರುವುದು ಅಳತೆ ಟೇಪು, ಹಗ್ಗ, ನಾಲ್ಕು ಗೂಟ, ಒಂದು ತಕ್ಕಡಿ, ಈಚೆಗೆ ಒಂದು ಮೊಬೈಲ್ ಆ್ಯಪ್. ಯಾವ ಸರ್ವೆ ನಂಬರು, ಹೊಲದ ಯಾವ ಮೂಲೆಯಿಂದ ಎಷ್ಟು ಹೆಜ್ಜೆ ಒಳಗೆ ಎಂಬುದು ಲಾಟರಿ ಎತ್ತಿದ ಹಾಗೆ ಮೊದಲೇ ನಿಗದಿಯಾಗಿರುತ್ತದೆ. ಅಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಹಾಕಿ, ಒಳಗಿನ ಪೈರನ್ನು ಕೊಯ್ದು, ಬಡಿದು, ತೂರಿ, ತೂಗುತ್ತಾರೆ. ಕೆಲವು ಬೆಳೆಗಳಿಗೆ ಚೌಕ ಇನ್ನೂ ದೊಡ್ಡದು. ಇದರ ಹೆಸರು ಬೆಳೆ ಕಟಾವು ಪ್ರಯೋಗ. ಒಂದು ಗ್ರಾಮ ಪಂಚಾಯಿತಿಯಲ್ಲಿ ಒಂದು ಮುಖ್ಯ ಬೆಳೆಗೆ ಕನಿಷ್ಠ ನಾಲ್ಕು ಪ್ರಯೋಗ ನಡೆಯಬೇಕು. ನಾಲ್ಕು ಚೌಕ ಸೇರಿದರೆ ನೂರು ಚದರ ಮೀಟರ್, ಅಂದರೆ ಒಂದು ಗುಂಟೆಗೂ ಕೂದಲೆಳೆ ಕಡಿಮೆ. ಸಾವಿರಾರು ಎಕರೆಯ ಪರವಾಗಿ ಆ ಒಂದು ಗುಂಟೆ ಸಾಕ್ಷಿ ಹೇಳುತ್ತದೆ.

ಸಾಕ್ಷಿಯ ಬೆಲೆ ಎಷ್ಟೆಂದು ನೋಡಬೇಕಾದರೆ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಸೂತ್ರವನ್ನು ಒಮ್ಮೆ ಬಿಡಿಸಬೇಕು. 2016ರ ಮುಂಗಾರಿನಲ್ಲಿ ಶುರುವಾದ ಈ ಯೋಜನೆಯಲ್ಲಿ ರೈತ ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5 ಕಟ್ಟುತ್ತಾನೆ. ಉಳಿದ ಕಂತನ್ನು ಕೇಂದ್ರ, ರಾಜ್ಯಗಳು ಹಂಚಿಕೊಳ್ಳುತ್ತವೆ. ಹಿಂದಿನ ಏಳು ವರ್ಷಗಳ ಪೈಕಿ ಒಳ್ಳೆಯ ಐದು ವರ್ಷಗಳ ಸರಾಸರಿ ಇಳುವರಿ ತೆಗೆದು, ಅದನ್ನು ಶೇ 70, 80 ಅಥವಾ 90ಕ್ಕೆ ಇಳಿಸಿ, ಬಂದ ಅಂಕಿಯನ್ನು ಪ್ರಾರಂಭಿಕ ಇಳುವರಿ ಎನ್ನುತ್ತಾರೆ. ಈ ವರ್ಷದ ಇಳುವರಿ ಅದಕ್ಕಿಂತ ಎಷ್ಟು ಪಾಲು ಕೆಳಗಿದೆಯೋ, ವಿಮಾ ಮೊತ್ತದ ಅಷ್ಟು ಪಾಲು ಪರಿಹಾರ. ರೈತನ ಸ್ವಂತ ಹೊಲದಲ್ಲಿ ಏನಾಯಿತು ಎಂಬುದು ಈ ಸೂತ್ರಕ್ಕೆ ಬೇಕಿಲ್ಲ. ಪಂಚಾಯಿತಿಯ ಸರಾಸರಿ ಸಾಕು.

ಪ್ರಾರಂಭಿಕ ಇಳುವರಿ ಹೆಕ್ಟೇರಿಗೆ 10 ಕ್ವಿಂಟಲ್, ವಿಮಾ ಮೊತ್ತ ₹40,000 ಎಂದುಕೊಳ್ಳಿ. ಪಂಚಾಯಿತಿಯ ನಿಜವಾದ ಸರಾಸರಿ 7 ಕ್ವಿಂಟಲ್ ಇದ್ದರೆ ಹೆಕ್ಟೇರಿಗೆ ₹12,000 ಬರಬೇಕು. ಹೊಲದಿಂದ ಹೊಲಕ್ಕೆ ಇಳುವರಿ ಸರಾಸರಿಯ ಶೇ 40ರಷ್ಟು ಏರುಪೇರಾಗುತ್ತದೆ ಎಂದಿಟ್ಟುಕೊಂಡರೆ (ಮಳೆ ಆಶ್ರಯದ ಕಡೆ ಇದು ಅತಿಶಯದ ಊಹೆ ಅಲ್ಲ) ನಾಲ್ಕು ತುಂಡುಗಳ ಸರಾಸರಿಯಲ್ಲಿ ಶೇ 20ರ ತಪ್ಪು ಸಹಜ. ಏಕೆಂದರೆ ಮಾದರಿಗಳ ಸಂಖ್ಯೆಯ ವರ್ಗಮೂಲದಷ್ಟೇ ತಪ್ಪು ಇಳಿಯುತ್ತದೆ, ನಾಲ್ಕರ ವರ್ಗಮೂಲ ಎರಡು. ಆಗ ಅದೇ ಏಳು ಕ್ವಿಂಟಲಿನ ಪಂಚಾಯಿತಿ ಒಂದು ಲಾಟರಿಯಲ್ಲಿ 8.4 ಎಂದೂ ಇನ್ನೊಂದರಲ್ಲಿ 5.6 ಎಂದೂ ದಾಖಲಾಗಬಹುದು. ಮೊದಲನೆಯದಕ್ಕೆ ₹6,400, ಎರಡನೆಯದಕ್ಕೆ ₹17,600. ಯಾರೂ ಕಳ್ಳತನ ಮಾಡಿಲ್ಲ, ಯಾರೂ ಸುಳ್ಳು ಬರೆದಿಲ್ಲ. ಗೂಟ ನೆಟ್ಟ ಜಾಗ ಬೇರೆ, ಅಷ್ಟೆ.

ಇಂಥ ಜಾಗಕ್ಕೇ ವಿಶ್ವವಿದ್ಯಾಲಯಗಳ ಸಂಶೋಧನೆ ಬರಬೇಕಾಗಿತ್ತು. ಬಂದಿದೆ ಕೂಡ, ಬೇಕಾದಷ್ಟು. ಎಂಜಿನಿಯರಿಂಗ್ ವಿಭಾಗದವರು ಮಳೆ ಮಾಪಕ, ಮಣ್ಣಿನ ತೇವದ ಸೆನ್ಸರ್ ಮಾಡುತ್ತಾರೆ. ಪರಿಸರ ವಿಜ್ಞಾನದವರು ಮಳೆಯ ಹಂಚಿಕೆ, ಬರದ ಸೂಚ್ಯಂಕ ಬರೆಯುತ್ತಾರೆ. ಡೇಟಾ ಸೈನ್ಸಿನವರು ಉಪಗ್ರಹದ ಚಿತ್ರದಿಂದ ಇಳುವರಿ ಹೇಳುತ್ತಾರೆ. ಹಣಕಾಸಿನವರು ವಿಮೆಯ ಕಂತಿನ ದರ ಕಟ್ಟುತ್ತಾರೆ. ನಾಲ್ಕೂ ಕಡೆ ಪ್ರಬಂಧಗಳ ರಾಶಿ ಇದೆ, ಪ್ರತಿಯೊಂದರ ಕೊನೆಯ ಪುಟದಲ್ಲಿ ‘ರೈತರಿಗೆ, ನೀತಿ ನಿರೂಪಕರಿಗೆ ಉಪಯುಕ್ತ’ ಎಂಬ ಸಾಲಿದೆ. ಇವರಲ್ಲಿ ಒಬ್ಬರ ತಪ್ಪು ಇನ್ನೊಬ್ಬರ ಮೇಜಿಗೆ ಹೋದಾಗ ಏನಾಗುತ್ತದೆ, ಕಟ್ಟಕಡೆಗೆ ಅದು ಯಾರ ಬ್ಯಾಂಕ್ ಖಾತೆಯಲ್ಲಿ ಇಳಿಯುತ್ತದೆ ಎಂಬುದು ಮಾತ್ರ ನಾಲ್ವರ ಪೈಕಿ ಯಾರ ವಿಷಯವೂ ಅಲ್ಲ. ಅನ್ವಯಿಕ ಸಂಶೋಧನೆ ಎಂಬ ಹೆಸರು ಹೊತ್ತಿರುವುದರಲ್ಲಿ ಹೆಚ್ಚಿನದು ಅನ್ವಯದ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಬೆಳೆ ವಿಮೆಯಲ್ಲಿ ಈ ನಿಲುಗಡೆಗೆ ದುಡ್ಡಿನ ಲೆಕ್ಕ ಇದೆ.

ಹಿಂದೆಯೂ ಹೀಗೇ ಇತ್ತು ಎಂದರೆ ಹಿಂದಿನವರಿಗೆ ಅನ್ಯಾಯ. ಮಳೆಯನ್ನೇ ಅಳತೆಗೋಲಾಗಿಟ್ಟು ರೈತರಿಗೆ ವಿಮೆ ಕೊಡಬಹುದು ಎಂಬ ಯೋಚನೆ ವಾಷಿಂಗ್ಟನ್ನಿನ ಯಾವುದೋ ಕಚೇರಿಯಿಂದ ಬಂದದ್ದಲ್ಲ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಜೆ.ಎಸ್. ಚಕ್ರವರ್ತಿ 1920ರಲ್ಲಿ ಈ ಬಗ್ಗೆ ಇಡೀ ಪುಸ್ತಕವನ್ನೇ ತಂದರು. ಒಬ್ಬೊಬ್ಬ ರೈತನ ನಷ್ಟವನ್ನು ಅಳೆಯುವುದು ಆಗದ ಮಾತು, ಆದ್ದರಿಂದ ಪ್ರದೇಶದ ಮಳೆ ಇಷ್ಟಕ್ಕಿಂತ ಕಡಿಮೆಯಾದರೆ ಎಲ್ಲರಿಗೂ ಪರಿಹಾರ ಎಂಬುದು ಅವರ ದಾರಿ. ಅದಕ್ಕಾಗಿ ಅವರು ಸಂಸ್ಥಾನದ ದಶಕಗಳ ಮಳೆ ದಾಖಲೆಯನ್ನು ಕೂತು ತಿರುವಿಹಾಕಿದರು. ಯೋಜನೆ ಜಾರಿಗೆ ಬರಲಿಲ್ಲ. ಪಿ.ಕೆ. ಮಿಶ್ರಾ 1995ರಲ್ಲಿ ಇಂಗ್ಲಿಷ್ ವಾರಪತ್ರಿಕೆಯೊಂದರಲ್ಲಿ ನೆನಪಿಸುವವರೆಗೆ ಅರ್ಥಶಾಸ್ತ್ರಜ್ಞರಲ್ಲೂ ಹೆಚ್ಚಿನವರಿಗೆ ಅದರ ಸುದ್ದಿ ಇರಲಿಲ್ಲ. 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯ ಸರ್ಕಾರಿ ಪ್ರಯೋಗ ಮೊದಲು ನಡೆದದ್ದು ಕರ್ನಾಟಕದಲ್ಲೇ. ಚಕ್ರವರ್ತಿಯವರ ಹೆಸರು ಮಾತ್ರ ಆ ಕಡತಗಳಲ್ಲಿ ಸುಳಿದಂತಿಲ್ಲ.

ಹಗ್ಗ ಮತ್ತು ಗೂಟದ ಕಥೆ ಇನ್ನೂ ಸ್ವಾರಸ್ಯದ್ದು. 1940ರ ದಶಕದಲ್ಲಿ ದೇಶದಲ್ಲಿ ಎಷ್ಟು ಧಾನ್ಯ ಬೆಳೆಯುತ್ತದೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪಟವಾರಿಯ ಕಣ್ಣಂದಾಜೇ ಅಂಕಿ ಅಂಶ. ಬಂಗಾಳದ ಕ್ಷಾಮ ಕಣ್ಣೆದುರಿಗಿದ್ದಾಗ ಈ ಅಜ್ಞಾನ ಬರೀ ಶಾಸ್ತ್ರದ ಪ್ರಶ್ನೆಯಾಗಿ ಉಳಿಯಲಿಲ್ಲ. ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಪಿ.ಸಿ. ಮಹಲನೋಬಿಸ್ ಸಣ್ಣ ಸಣ್ಣ ತುಂಡುಗಳನ್ನು ಹೆಚ್ಚು ಸಂಖ್ಯೆಯಲ್ಲಿ ಕೊಯ್ಯಬೇಕೆಂದರು. ಖರ್ಚು ಕಡಿಮೆ, ಹೆಚ್ಚು ಊರು ಮುಟ್ಟಬಹುದು. ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಪಿ.ವಿ. ಸುಖಾತ್ಮೆ ಮತ್ತು ವಿ.ಜಿ. ಪಾನ್ಸೆ ದೊಡ್ಡ ಚೌಕವೇ ಬೇಕೆಂದರು. ಕಾರಣ ಕೇಳಿದರೆ ಯಾವ ರೈತನೂ ತಲೆದೂಗುತ್ತಾನೆ. ಸಣ್ಣ ವೃತ್ತದೊಳಗೆ ಕೊಯ್ಯುವಾಗ ಅಂಚಿನ ಗಿಡ ಒಳಗೋ ಹೊರಗೋ ಎಂಬ ಅನುಮಾನ ಬಂದರೆ ಕೈ ಅದನ್ನು ಒಳಗೇ ಸೇರಿಸುತ್ತದೆ. ತುಂಡು ಸಣ್ಣದಾದಷ್ಟೂ ಅಂಚಿನ ಪಾಲು ಹೆಚ್ಚು, ಆದ್ದರಿಂದ ಇಳುವರಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಸುಖಾತ್ಮೆ ಇದನ್ನು ಬಾಯಿಮಾತಿನಲ್ಲಿ ಹೇಳಲಿಲ್ಲ. ಬೇರೆ ಬೇರೆ ಅಳತೆಯ ತುಂಡುಗಳನ್ನು ಕೊಯ್ಯಿಸಿ, ತೂಗಿಸಿ, ಅಂಕಿಗಳನ್ನು 1947ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲಿ ಎಲ್ಲರೆದುರು ಇಟ್ಟರು. ದೇಶದ ಇಬ್ಬರು ಘಟಾನುಘಟಿಗಳು ಒಂದು ಗಿಡ ಗೆರೆಯ ಒಳಗೋ ಹೊರಗೋ ಎಂಬುದರ ಬಗ್ಗೆ ವರ್ಷಗಟ್ಟಲೆ ಬಹಿರಂಗವಾಗಿ ಜಗಳವಾಡಿದರು. ಇವತ್ತಿನ ಐದು ಮೀಟರ್ ಚೌಕದ ಹಿಂದೆ ಆ ಜಗಳ ಇದೆ. ಪುಣೆಯ ಗೋಖಲೆ ಸಂಸ್ಥೆಯ ವಿ.ಎಂ. ದಾಂಡೇಕರ್ 1976ರಲ್ಲಿ ಪ್ರದೇಶ ಆಧಾರಿತ ಬೆಳೆ ವಿಮೆಯ ವಾದ ಮಂಡಿಸಿದಾಗ, ಆ ಚೌಕದ ಮೇಲೆ ನಂಬಿಕೆ ಇದ್ದದ್ದರಿಂದಲೇ ಅದು ನಿಂತಿತು. ಅದಕ್ಕೆ ಕೆಲವೇ ವರ್ಷ ಮೊದಲು ಧರ್ಮ ನಾರಾಯಣ್ ಸಮಿತಿ ಈ ದೇಶಕ್ಕೆ ಬೆಳೆ ವಿಮೆ ಒಗ್ಗದು ಎಂದು ಬಾಗಿಲು ಹಾಕಿತ್ತು.

ಅಳತೆಯ ತಪ್ಪು ಎಷ್ಟು ಮತ್ತು ಯಾವ ಕಡೆಗೆ ಎಂದು ಕೇಳುವುದೇ ಅವರಿಗೆ ಸಂಶೋಧನೆಯ ಮೊದಲ ಕೆಲಸವಾಗಿತ್ತು. ಈಗಿನ ಪ್ರಬಂಧಗಳಲ್ಲಿ ಕಟಾವು ಪ್ರಯೋಗದ ಅಂಕಿಗೆ ‘ನೆಲದ ಸತ್ಯ’ ಎಂದು ಹೆಸರಿಟ್ಟು ಮುಂದೆ ಹೋಗುತ್ತಾರೆ. ಶೇ 20ರ ತಪ್ಪು ಹೊತ್ತ ಅಂಕಿ ಕಂಪ್ಯೂಟರಿನ ಒಳಗೆ ಹೋದ ಕೂಡಲೇ ಸತ್ಯವಾಗುತ್ತದೆ. ಅದಕ್ಕೆ ತನ್ನ ಮಾಡೆಲ್ ಶೇ 95ರಷ್ಟು ಹೊಂದಿತು ಎಂದು ಬರೆದವರಿಗೆ, ಅಳತೆಗೋಲೇ ಅಷ್ಟು ಅಲುಗಾಡುತ್ತಿರುವಾಗ ಇಷ್ಟು ಬಿಗಿಯಾಗಿ ಹೊಂದುವುದು ಹೇಗೆ ಎಂಬ ಅನುಮಾನವೇ ಬರುವುದಿಲ್ಲ. ಬರಬೇಕಿತ್ತು. ನೂಲಿನಂತೆ ಸೀರೆ.

2023ರ ಮುಂಗಾರಿನಿಂದ ಇದು ಪ್ರಬಂಧಗಳ ಹೊರಗೆ ಬಂದಿದೆ. ಕೇಂದ್ರ ಸರ್ಕಾರ ‘ಯೆಸ್-ಟೆಕ್’ ಎಂಬ ಪದ್ಧತಿ ತಂದು, ಭತ್ತ ಮತ್ತು ಗೋಧಿಯ ಇಳುವರಿ ನಿರ್ಧಾರದಲ್ಲಿ ಉಪಗ್ರಹ ಮತ್ತು ಮಾಡೆಲ್‌ಗಳ ಅಂದಾಜಿಗೆ ಕನಿಷ್ಠ ಶೇ 30ರ ತೂಕ ಕೊಟ್ಟಿತು. ಮುಂದೆ ಸೋಯಾ ಕೂಡ ಸೇರಿತು. 2025ರ ಜನವರಿಯಲ್ಲಿ ತಂತ್ರಜ್ಞಾನಕ್ಕೆಂದು ₹824.77 ಕೋಟಿಯ ನಿಧಿಗೆ ಸಂಪುಟ ಒಪ್ಪಿಗೆ ಕೊಟ್ಟಾಗ ಹೊರಬಂದ ಹೇಳಿಕೆಯಲ್ಲಿ ಒಂಬತ್ತು ರಾಜ್ಯಗಳ ಹೆಸರಿತ್ತು. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ಆಂಧ್ರ ಎಲ್ಲವೂ ಅದರಲ್ಲಿವೆ. ಮಧ್ಯಪ್ರದೇಶ ನೂರಕ್ಕೆ ನೂರು ತಂತ್ರಜ್ಞಾನದ ಅಂದಾಜನ್ನೇ ಒಪ್ಪಿಕೊಂಡಿದೆ ಎಂದೂ, ಕಟಾವು ಪ್ರಯೋಗಗಳು ಕ್ರಮೇಣ ಮರೆಯಾಗುತ್ತವೆ ಎಂದೂ ಅದೇ ಹೇಳಿಕೆ ಹೆಮ್ಮೆಯಿಂದ ಹೇಳಿತು. ಕಟಾವು ಪ್ರಯೋಗವೇ ಇಲ್ಲದ ಮೇಲೆ ಮಾಡೆಲ್ ಸರಿಯೋ ತಪ್ಪೋ ಎಂದು ಯಾವುದಕ್ಕೆ ಹಿಡಿದು ನೋಡುವುದು? ಈ ಪ್ರಶ್ನೆಯನ್ನು ಮಂತ್ರಿಗಳು ಕೇಳದಿದ್ದರೆ ಆಶ್ಚರ್ಯವಿಲ್ಲ. ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು ಗಟ್ಟಿಯಾಗಿ ಕೇಳದಿರುವುದು ನಾಚಿಕೆಗೇಡು.

ಮಾಡೆಲ್‌ಗಳ ಒಳಗೆ ಸ್ವಲ್ಪ ಇಳಿದರೆ ನಾಚಿಕೆಗೆ ಇನ್ನಷ್ಟು ಕಾರಣ ಸಿಗುತ್ತದೆ. ಇವೆಲ್ಲ ಒಂದೇ ಜಾತಿಯವಲ್ಲ. ಬಿಸಿಲು, ಎಲೆಯ ಹಸಿರು, ನೀರಿನ ಕೊರತೆ ಲೆಕ್ಕ ಹಾಕಿ ಬೆಳೆಯ ಬೆಳವಣಿಗೆಯನ್ನೇ ಅನುಕರಿಸುವವು ಕೆಲವು, ಹಳೆಯ ಅಂಕಿಗಳಿಂದ ಕಲಿತು ಹೇಳುವವು ಕೆಲವು. ಕಲಿತು ಹೇಳುವ ಮಾಡೆಲ್‌ಗೆ ಒಂದು ಹುಟ್ಟುಗುಣ ಇದೆ. ಒಟ್ಟಾರೆ ತಪ್ಪನ್ನು ಕಡಿಮೆ ಮಾಡು ಎಂದು ಹೇಳಿಕೊಟ್ಟಾಗ ಅದು ತನಗೆ ಗೊತ್ತಿಲ್ಲದ ಕಡೆ ಸರಾಸರಿಯತ್ತ ಜಾರುತ್ತದೆ. ಹುಲುಸಾದ ವರ್ಷಕ್ಕೆ ಕಡಿಮೆ ಹೇಳುತ್ತದೆ, ಕೆಟ್ಟ ವರ್ಷಕ್ಕೆ ಹೆಚ್ಚು ಹೇಳುತ್ತದೆ. ಹತ್ತು ವರ್ಷದ ಸರಾಸರಿ ತಪ್ಪು ನೋಡಿದರೆ ಎಲ್ಲ ಚೆಂದ. ವಿಮೆ ಹಣ ಕೊಡುವುದು ಮಾತ್ರ ಕೆಟ್ಟ ವರ್ಷದಲ್ಲಿ.

ಮೊದಲಿನ ಉದಾಹರಣೆಯನ್ನೇ ಹಿಡಿದರೆ, ಬರ ಬಿದ್ದು ನಿಜವಾದ ಇಳುವರಿ 4 ಕ್ವಿಂಟಲ್ ಆಗಿದೆ, ಮಾಡೆಲ್ 6 ಎನ್ನುತ್ತದೆ. ನಿಜದ ಪ್ರಕಾರ ಹೆಕ್ಟೇರಿಗೆ ₹24,000. ಮಾಡೆಲ್‌ಗೆ ಶೇ 30 ತೂಕ ಕೊಟ್ಟರೆ ಇಳುವರಿ 4.6 ಆಗಿ ₹21,600. ಪೂರ್ತಿ ಮಾಡೆಲ್ಲನ್ನೇ ನಂಬಿದರೆ ₹16,000. ಮೂರನೇ ಒಂದು ಭಾಗ ಹೋಯಿತು. ಎಲ್ಲಿಗೆ ಹೋಯಿತು ಎಂದು ಹುಡುಕಲು ಹೋದರೆ ಲಂಚ ಇಲ್ಲ, ತಿದ್ದಿದ ಮಹಜರು ಇಲ್ಲ, ಬರೀ ಗಣಿತ ಇದೆ. ಹಣಕಾಸು ಓದಿದ ಯಾರಿಗೂ ಗೊತ್ತಿರುವ ಮೊದಲ ಪಾಠ ಎಂದರೆ ವಿಮೆಯಲ್ಲಿ ಸರಾಸರಿಗಿಂತ ಬಾಲ ಮುಖ್ಯ ಎಂಬುದು. ಡೇಟಾ ಸೈನ್ಸ್ ವಿಭಾಗ ಅದೇ ಕ್ಯಾಂಪಸ್ಸಿನ ಎದುರು ಕಟ್ಟಡದಲ್ಲಿರುತ್ತದೆ. ನಡುವೆ ಒಂದು ಕ್ಯಾಂಟೀನ್.

ಇನ್ನೊಂದು ಗುಣ ಇದಕ್ಕಿಂತ ಸೂಕ್ಷ್ಮ. ಮಾಡೆಲ್ ಎಷ್ಟು ಒಳ್ಳೆಯದು ಎಂದು ಪರೀಕ್ಷಿಸಲು ಒಂದಷ್ಟು ಅಂಕಿಗಳನ್ನು ಬಚ್ಚಿಟ್ಟು ಆಮೇಲೆ ತೋರಿಸುತ್ತಾರೆ. ಯಾವುದನ್ನು ಬಚ್ಚಿಡುವುದು? ಹೆಚ್ಚಿನ ಪ್ರಬಂಧಗಳಲ್ಲಿ ಕಣ್ಣುಮುಚ್ಚಿ ಅಲ್ಲೊಂದು ಇಲ್ಲೊಂದು ತೆಗೆಯುತ್ತಾರೆ. ಆದರೆ ಪಕ್ಕದ ಹೊಲಕ್ಕೆ ಬಿದ್ದ ಮಳೆ, ಪಕ್ಕದ ಹೊಲದ ಮಣ್ಣು, ಪಕ್ಕದ ಹೊಲದ ಇಳುವರಿ ಮಾಡೆಲ್ ಮೊದಲೇ ನೋಡಿದೆ. ಪ್ರಶ್ನೆಪತ್ರಿಕೆ ಬಯಲಾದ ಪರೀಕ್ಷೆಯಲ್ಲಿ ಬಂದ ಅಂಕ ಅದು. ಪ್ಲೋಟಾನ್ ಮತ್ತು ಸಂಗಡಿಗರು 2020ರಲ್ಲಿ ಮಧ್ಯ ಆಫ್ರಿಕಾದ ಕಾಡಿನ ಲೆಕ್ಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಯದ್ವಾತದ್ವಾ ಬಚ್ಚಿಟ್ಟಾಗ ಕಾಡಿನ ಏರುಪೇರಿನ ಅರ್ಧಕ್ಕೂ ಹೆಚ್ಚು ಪಾಲನ್ನು ವಿವರಿಸಿದ ಮಾಡೆಲ್, ದೂರದ ಪ್ರದೇಶವನ್ನೇ ಇಡಿಯಾಗಿ ಬಚ್ಚಿಟ್ಟಾಗ ಹೆಚ್ಚುಕಡಿಮೆ ಏನನ್ನೂ ಹೇಳಲಾರದೆ ಹೋಯಿತು. ಪ್ರಿನ್ಸ್‌ಟನ್‌ನ ಸಯಾಶ್ ಕಪೂರ್ ಮತ್ತು ಅರವಿಂದ್ ನಾರಾಯಣನ್ 2023ರಲ್ಲಿ ಹದಿನೇಳು ಕ್ಷೇತ್ರಗಳಲ್ಲಿ ಸುಮಾರು 300 ಪ್ರಬಂಧಗಳಿಗೆ ಇಂಥ ಸೋರಿಕೆಯ ಮಚ್ಚೆ ತಗುಲಿರುವುದನ್ನು ಪಟ್ಟಿ ಮಾಡಿದರು. ಒಂದು ಇಡೀ ತಾಲ್ಲೂಕನ್ನು, ಒಂದು ಇಡೀ ಬರದ ವರ್ಷವನ್ನು ಬಚ್ಚಿಟ್ಟು ಪರೀಕ್ಷಿಸಿದ ಇಳುವರಿ ಪ್ರಬಂಧಗಳನ್ನು ಹುಡುಕಿಕೊಂಡು ಹೋದವರಿಗೆ ಸಿಗುವುದು ಬೆರಳೆಣಿಕೆ. ಹಾಗೆ ಪರೀಕ್ಷಿಸಿದರೆ ಅಂಕ ಬೀಳುತ್ತದೆ, ಅಂಕ ಬಿದ್ದರೆ ಪ್ರಬಂಧ ಒಪ್ಪಿತವಾಗುವುದಿಲ್ಲ.

ಮೋಡದ ಮಾತು ಬೇರೆ ಇದೆ. 2015ರಿಂದ ಸೆಂಟಿನೆಲ್-2 ಹತ್ತು ಮೀಟರ್ ಸ್ಪಷ್ಟತೆಯ ಚಿತ್ರಗಳನ್ನು ಪುಕ್ಕಟೆ ಕೊಡುತ್ತಿದೆ, ಆದರೆ ಮುಂಗಾರು ಬೆಳೆ ಬೆಳೆಯುವ ತಿಂಗಳುಗಳಲ್ಲೇ ಮೋಡ ಅದರ ಕಣ್ಣು ಕಟ್ಟುತ್ತದೆ. ರಾಡಾರ್ ಉಪಗ್ರಹಗಳು ಮೋಡ ದಾಟಿ ನೋಡುತ್ತವೆ, 2025ರ ಜುಲೈನಲ್ಲಿ ಶ್ರೀಹರಿಕೋಟೆಯಿಂದ ಹಾರಿದ ನಿಸಾರ್ ಅದರಲ್ಲಿ ದೊಡ್ಡ ಹೆಜ್ಜೆ. ನಿಸಾರ್ ಬಂದ ಮೇಲೂ, ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ಹಾಕಿದ ತೊಗರಿ ಎಷ್ಟು ಕೊಟ್ಟಿತು ಎಂದು ತಿಳಿಯಲು ಯಾರೋ ಒಬ್ಬರು ಅದನ್ನು ಬಡಿದು ತೂಗಲೇಬೇಕು.

ಮಳೆ ಮಾಪಕದ ಕಡೆ ಬಂದರೆ ಕರ್ನಾಟಕ ಮುಂದಿದೆ, ಅದನ್ನು ಒಪ್ಪಬೇಕು. 1988ರಲ್ಲಿ ಬರ ಪರಿವೀಕ್ಷಣಾ ಕೋಶವಾಗಿ ಹುಟ್ಟಿ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಾಪಕಗಳನ್ನು ಕೂರಿಸಿದೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. ದೇಶದ ಬೇರೆ ರಾಜ್ಯಗಳು ಈಗಷ್ಟೇ ಆ ದಾರಿ ಹಿಡಿಯುತ್ತಿವೆ. ಆದರೆ ಮಾಪಕ ಎಂಬುದು ಅಂಗೈಯಗಲದ ಬಾಯಿಯ ಒಂದು ಡಬ್ಬಿ. ಅದರೊಳಗಿನ ಪುಟ್ಟ ಬಟ್ಟಲು ತುಂಬಿದಾಗಲೆಲ್ಲ ಮಗುಚುತ್ತದೆ, ಮಗುಚಿದ್ದನ್ನು ಎಣಿಸುತ್ತಾರೆ. ಜೋರು ಮಳೆಯಲ್ಲಿ ಬಟ್ಟಲು ಮಗುಚುವ ಕ್ಷಣದಲ್ಲಿ ಬಿದ್ದ ನೀರು ಲೆಕ್ಕ ತಪ್ಪುತ್ತದೆ. ಎಲೆ, ಜೇಡರ ಬಲೆ, ಹಕ್ಕಿಯ ಹಿಕ್ಕೆ ಬಾಯಿ ಕಟ್ಟುತ್ತವೆ. ಪಕ್ಕದ ಗೋಡೆ ಅಥವಾ ಮರ ತನ್ನ ಎತ್ತರದ ಎರಡರಷ್ಟು ದೂರದಲ್ಲಾದರೂ ಇರಬೇಕು ಎಂಬುದು ನಿಯಮ. ನೆಟ್ಟಾಗ ಸಣ್ಣದಿದ್ದ ಮರ ನಿಯಮ ಓದಿಕೊಂಡು ಬೆಳೆಯುವುದಿಲ್ಲ.

ಇದೆಲ್ಲ ಬಯಲುಸೀಮೆಯಲ್ಲಿ ಸಣ್ಣ ತಪ್ಪು. ಮಲೆನಾಡಿನಲ್ಲಿ ದೊಡ್ಡದು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ, ಘಟ್ಟದ ಬೆನ್ನಿಂದ ಮೂಡಲಿಗೆ ಇಳಿದು ಶಿವಮೊಗ್ಗ ನಗರಕ್ಕೆ ಬರುವಷ್ಟರಲ್ಲಿ ಅದರ ಕಾಲು ಭಾಗವೂ ಇರುವುದಿಲ್ಲ. ಒಂದು ಗುಡ್ಡದ ಆಚೆ ಈಚೆಗೂ ವ್ಯತ್ಯಾಸ. ಅಡಿಕೆ, ಕಾಳುಮೆಣಸಿಗೆ ಇಲ್ಲಿ ಇರುವುದು ಹವಾಮಾನ ಆಧಾರಿತ ವಿಮೆ: ಇಂತಿಂಥ ದಿನಗಳಲ್ಲಿ ಇಷ್ಟಕ್ಕಿಂತ ಹೆಚ್ಚು ಮಳೆ ಸುರಿದರೆ ಹಣ. ಕೊಳೆರೋಗ ಬರುವುದು ಒಂದೇ ಸಮನೆ ಹಿಡಿದ ಮಳೆಗೆ, ತೋಟ ಒಣಗಲು ಬಿಡುವೇ ಸಿಗದಾಗ, ಬೋರ್ಡೋ ಹೊಡೆಯಲು ಒಂದು ಹೊಳವು ಸಿಗದಾಗ. ಕೊಟ್ಟೆ ಕಟ್ಟಿದವನ ತೋಟಕ್ಕೂ ಕಟ್ಟದವನ ತೋಟಕ್ಕೂ ಫಲ ಬೇರೆ. ಪಂಚಾಯಿತಿ ಆವರಣದ ಡಬ್ಬಿಗೆ ಮಿಲಿಮೀಟರ್ ಗೊತ್ತು, ಕಣಿವೆಯ ತೋಟದಲ್ಲಿ ಗೊನೆ ಎಷ್ಟು ದಿನ ಒದ್ದೆಯಾಗಿತ್ತು ಎಂಬುದು ಗೊತ್ತಿಲ್ಲ.

ಅಳತೆ ಹೇಳಿದ್ದಕ್ಕೂ ರೈತ ಕಳೆದುಕೊಂಡದ್ದಕ್ಕೂ ನಡುವಿನ ಈ ಅಂತರವನ್ನು ವಿಮೆಯ ಶಾಸ್ತ್ರ ಚೆನ್ನಾಗಿ ಬಲ್ಲದು. ಡೇನಿಯಲ್ ಕ್ಲಾರ್ಕ್ ಮತ್ತು ಸಂಗಡಿಗರು 2012ರಲ್ಲಿ ವಿಶ್ವ ಬ್ಯಾಂಕಿಗಾಗಿ ಭಾರತದ ಒಂದು ರಾಜ್ಯದಲ್ಲಿ ಮಾರಿದ ಹವಾಮಾನ ವಿಮೆಗಳನ್ನು ಪರಿಶೀಲಿಸಿ, ಬೆಳೆ ಪೂರ್ತಿ ಹೋದರೂ ಒಂದು ಪೈಸೆ ಬಾರದಿರುವ ಸಂಭವ ಸುಮಾರು ಮೂರರಲ್ಲಿ ಒಂದು ಎಂದು ಲೆಕ್ಕ ಕೊಟ್ಟರು. ಆಂಧ್ರ ಮತ್ತು ಗುಜರಾತಿನಲ್ಲಿ ಮಳೆ ವಿಮೆ ಮಾರಿ ನೋಡಿದ ಶಾನ್ ಕೋಲ್, ಜೇವಿಯರ್ ಜೀನೆ ಮುಂತಾದವರು 2013ರಲ್ಲಿ ಕಂಡದ್ದು, ಕಂತು ದುಬಾರಿಯಾದರೆ ಕೊಳ್ಳುವವರು ಕಡಿಮೆ, ನಂಬಿಕಸ್ಥ ಸಂಸ್ಥೆಯ ಮನುಷ್ಯ ಬಂದು ಹೇಳಿದರೆ ಕೊಳ್ಳುವವರು ಹೆಚ್ಚು ಎಂಬುದನ್ನು. ರೈತರಿಗೆ ಹಣಕಾಸಿನ ತಿಳಿವಳಿಕೆ ಇಲ್ಲ ಎಂಬ ಮಾತು ವಿಚಾರ ಸಂಕಿರಣಗಳಲ್ಲಿ ಈಗಲೂ ಕೇಳುತ್ತದೆ. ಮನೆಗೆ ಬೆಂಕಿ ಬಿದ್ದರೂ ಮೂರರಲ್ಲೊಂದು ಸಲ ಹಣ ಕೊಡದ ವಿಮೆಯನ್ನು ಆ ಸಂಕಿರಣದ ಪ್ರಾಧ್ಯಾಪಕರಲ್ಲಿ ಎಷ್ಟು ಮಂದಿ ಕೊಳ್ಳುತ್ತಾರೋ!

ತಂತ್ರಜ್ಞಾನದ ಪರ ಇರುವವರ ವಾದದಲ್ಲಿ ಹುರುಳಿಲ್ಲ ಎಂದಲ್ಲ. ಕಟಾವು ಪ್ರಯೋಗದ ಈಗಿನ ಸ್ಥಿತಿ ಹೊಗಳುವಂಥದ್ದಲ್ಲ. ಒಂದೇ ಹದಿನೈದು ದಿನದಲ್ಲಿ ಹತ್ತಾರು ಪ್ರಯೋಗ ಮುಗಿಸಬೇಕಾದ ನೌಕರ, ಹೊಲಕ್ಕೆ ಹೋಗದೇ ತುಂಬಿದ ನಮೂನೆ, ಕಡಿಮೆ ಬರೆಯಲಿ ಎಂಬ ಊರಿನ ಒತ್ತಡ, ಹೆಚ್ಚು ಬರೆಯಲಿ ಎಂಬ ವಿಮಾ ಕಂಪನಿಯ ತಕರಾರು, ಈ ಎಳೆದಾಟದಲ್ಲಿ ವರ್ಷಗಟ್ಟಲೆ ತಡವಾಗುವ ಪರಿಹಾರ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಒಂದು ಬೆಳೆ, ವಿಮೆಯ ಅರ್ಜಿಯಲ್ಲಿ ಇನ್ನೊಂದು ಎಂದು ತಿರಸ್ಕೃತವಾದ ಅರ್ಜಿಗಳು ಬೇರೆ. ಬಿಹಾರ, ಪಶ್ಚಿಮ ಬಂಗಾಳ, ಗುಜರಾತ್, ತೆಲಂಗಾಣ ಈ ಯೋಜನೆಯಿಂದ ಎದ್ದು ಹೋದದ್ದಕ್ಕೆ ಖರ್ಚಿನ ಜೊತೆ ಇಂಥ ರಗಳೆಯೂ ಕಾರಣ. ಮಹಾರಾಷ್ಟ್ರ 2023ರಲ್ಲಿ ಒಂದು ರೂಪಾಯಿಗೆ ವಿಮೆ ಕೊಟ್ಟು, ಬೋಗಸ್ ಅರ್ಜಿಗಳ ಗದ್ದಲದ ನಂತರ 2025ರಲ್ಲಿ ಕೈಬಿಟ್ಟಿತು. ಉಪಗ್ರಹ ಲಂಚ ತೆಗೆದುಕೊಳ್ಳುವುದಿಲ್ಲ ಎಂಬ ಮಾತು ಈ ಹಿನ್ನೆಲೆಯಲ್ಲಿ ಹಿತವಾಗಿ ಕೇಳುತ್ತದೆ.

ಆದರೂ ತಕ್ಕಡಿಯ ತೂಕ ಸರಿಯಿಲ್ಲ ಎಂದು ಯಾರೂ ತಕ್ಕಡಿ ಎಸೆದು ಕಣ್ಣಂದಾಜಿಗೆ ಮರಳುವುದಿಲ್ಲ. ಉಪಗ್ರಹದಿಂದ ಮಾಡಬಹುದಾದ ದೊಡ್ಡ ಉಪಕಾರ ಎಂದರೆ ಪೈರು ಎಲ್ಲೆಲ್ಲಿ ಚೆನ್ನಾಗಿದೆ, ಎಲ್ಲೆಲ್ಲಿ ಸೊರಗಿದೆ ಎಂದು ತೋರಿಸಿ, ಗೂಟಗಳನ್ನು ಎರಡೂ ಕಡೆ ಹಂಚಿ ನೆಡುವಂತೆ ಮಾಡುವುದು. ನಾಲ್ಕೇ ತುಂಡಿನಿಂದ ಹೆಚ್ಚು ಸತ್ಯ ಹಿಂಡಬಹುದು. ಆ ಕೆಲಸಕ್ಕೆ ಪ್ರಬಂಧದಲ್ಲಿ ಮಿಂಚು ಕಡಿಮೆ, ‘ಕಟಾವು ಪ್ರಯೋಗಕ್ಕೆ ಪರ್ಯಾಯ’ ಎಂಬ ಶೀರ್ಷಿಕೆಗೆ ಮಿಂಚು ಹೆಚ್ಚು.

ಇಲ್ಲಿ ಇನ್ನೊಂದು ನಷ್ಟ ಇದೆ, ಅದನ್ನು ರೂಪಾಯಿಯಲ್ಲಿ ಹೇಳುವುದು ಕಷ್ಟ. ಕಟಾವು ಪ್ರಯೋಗ ಎಷ್ಟೇ ಕೆಟ್ಟದಾಗಿ ನಡೆದರೂ ರೈತ ಬದುವಿನ ಮೇಲೆ ನಿಂತು ನೋಡಬಹುದು. ಹಗ್ಗ ಸಡಿಲ ಬಿಟ್ಟರೆ ಕೂಗಬಹುದು. ವಿಮಾ ಕಂಪನಿಯ ಮನುಷ್ಯನೂ ಅಲ್ಲೇ ನಿಂತು ನೋಡಬಹುದು. ತಕ್ಕಡಿಯ ಮುಳ್ಳು ಎಲ್ಲರಿಗೂ ಕಾಣುತ್ತದೆ. ಮಾಡೆಲ್ ಹೇಳಿದ ಆರು ಕ್ವಿಂಟಲ್ಲನ್ನು ಯಾವ ಬದುವಿನ ಮೇಲೆ ನಿಂತು ನೋಡುವುದು? ತನ್ನ ಪಂಚಾಯಿತಿಯ ಅಂಕಿ ಹೇಗೆ ಬಂತು ಎಂದು ಕೃಷಿ ಅಧಿಕಾರಿಯನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಮೇಲಿಂದ ಬಂದಿದೆ ಎನ್ನುತ್ತಾರೆ. ಈ ಸಲ ಆ ಮಾತು ಅಕ್ಷರಶಃ ನಿಜ.

ಮಾಡೆಲ್ ಕಟ್ಟಿದವರೇ ಆ ಬದುವನ್ನು ಕಟ್ಟಿಕೊಡಬಹುದಿತ್ತು. ಕೋಡ್ ಬಿಚ್ಚಿಡಬಹುದು. ಯಾವ ವರ್ಷದ, ಯಾವ ತಾಲ್ಲೂಕಿನ ಅಂಕಿಯಿಂದ ಕಲಿಸಿದ್ದು ಎಂದು ಹೇಳಬಹುದು. ಹೀಗೆ ಹೇಳದಿರುವುದಕ್ಕೆ ಕೆಡುಕು ಬುದ್ಧಿ ಕಾರಣವಲ್ಲ, ಎಣಿಕೆ ಕಾರಣ. ಕಾಲೇಜಿನ ಶ್ರೇಯಾಂಕಕ್ಕೆ, ಬಡ್ತಿಗೆ, ಪಿಎಚ್.ಡಿ. ಮಾರ್ಗದರ್ಶನದ ಅರ್ಹತೆಗೆ ಪ್ರಬಂಧಗಳ ಸಂಖ್ಯೆ ಬೇಕು, ಉಲ್ಲೇಖಗಳ ಸಂಖ್ಯೆ ಬೇಕು. ಪಿಎಚ್.ಡಿ.ಗೆ ಪ್ರಬಂಧ ಪ್ರಕಟಣೆ ಕಡ್ಡಾಯವಲ್ಲ ಎಂದು ಯುಜಿಸಿ 2022ರಲ್ಲಿ ಹೇಳಿದರೂ ಎಣಿಸುವ ಚಟ ಹೋಗಿಲ್ಲ. ಹಿಂದಾವಿ ಎಂಬ ಒಂದೇ ಪ್ರಕಾಶನ ಬಳಗ 2023ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆದುಕೊಂಡಿತು ಎಂಬುದು ಜಗತ್ತಿನಾದ್ಯಂತ ಈ ಎಣಿಕೆ ಏನು ಮಾಡಿದೆ ಎಂಬುದಕ್ಕೆ ಸಾಕ್ಷಿ. ಕಟಾವಿನ ಕಾಲದಲ್ಲಿ ಮೂರು ವಾರ ಹೊಲದಲ್ಲಿ ನಿಂತು, ಕಟಾವು ಪ್ರಯೋಗದ ತ್ರಾಸು ಎಷ್ಟು ತಪ್ಪುತ್ತದೆ ಎಂದು ಬರೆದು ತಂದವನಿಗೆ ಅದರಲ್ಲಿ ಅರ್ಧ ಅಂಕವೂ ಇಲ್ಲ. ಸುಖಾತ್ಮೆ ಈ ಕಾಲದಲ್ಲಿ ಸಹಾಯಕ ಪ್ರಾಧ್ಯಾಪಕರಾಗಿದ್ದರೆ ಬಡ್ತಿ ಸಿಗುತ್ತಿತ್ತೇ ಎಂಬುದು ಅನುಮಾನ.

ಹಣ ಸಾಲದು ಎಂಬ ನೆಪವೂ ಇದೆ. ದೇಶ ಸಂಶೋಧನೆಗೆ ಖರ್ಚು ಮಾಡುವುದು ಒಟ್ಟು ಉತ್ಪನ್ನದ ಶೇ 0.64 ಮಾತ್ರ ಎಂಬುದು ನಿಜ, ಅದು ಹೆಚ್ಚಬೇಕು. ಆದರೆ ಒಂದು ತಾಲ್ಲೂಕನ್ನು ಬಚ್ಚಿಟ್ಟು ಪರೀಕ್ಷಿಸಲು, ಕೆಟ್ಟ ವರ್ಷದ ತಪ್ಪನ್ನು ಬೇರೆ ಕೋಷ್ಟಕದಲ್ಲಿ ಹಾಕಲು ಹೆಚ್ಚುವರಿ ರೂಪಾಯಿ ಬೇಡ. ಒಂದು ಮಧ್ಯಾಹ್ನ ಸಾಕು.

ಮುಂಬೈ, ಹೈದರಾಬಾದ್, ಚೆನ್ನೈಗಳಲ್ಲಿ ಇಂಥ ಮಾಡೆಲ್‌ಗಳನ್ನೇ ದಿನವೂ ಕಟ್ಟುವ, ವಿಮಾ ಕಂಪನಿಗಳ ದರ ಪಟ್ಟಿ ಮಾಡುವ, ಪತ್ರಿಕೆಗಳಿಗೆ ಪ್ರಬಂಧ ಪರಿಶೀಲಿಸಿ ಕೊಡುವ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಅವರಲ್ಲಿ ಹಲವರ ಊರಿನ ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರಿದೆ, ಕಂತು ಕಟ್ಟುವವರು ಅಣ್ಣನೋ ಚಿಕ್ಕಪ್ಪನೋ. ಇಳುವರಿ ಅಂದಾಜಿನ ಪ್ರಬಂಧ ಮೇಜಿಗೆ ಬಂದಾಗ ಅವರು ಕೇಳಬಹುದಾದ ಪ್ರಶ್ನೆಗಳು ಮೂರೋ ನಾಲ್ಕೋ. ಬರದ ವರ್ಷವೊಂದನ್ನು ಪೂರ್ತಿ ಹೊರಗಿಟ್ಟು ಪರೀಕ್ಷಿಸಿದ್ದೀರಾ? ಪ್ರಾರಂಭಿಕ ಇಳುವರಿಗಿಂತ ಕೆಳಗಿದ್ದ ಪಂಚಾಯಿತಿಗಳಲ್ಲಿ ಮಾತ್ರ ತಪ್ಪು ಎಷ್ಟು, ಯಾವ ಕಡೆಗೆ? ಆ ತಪ್ಪನ್ನು ಪರಿಹಾರದ ರೂಪಾಯಿಗೆ ಇಳಿಸಿದರೆ ಹೆಕ್ಟೇರಿಗೆ ಎಷ್ಟಾಗುತ್ತದೆ? ಕಲಿಸಲು ಬಳಸಿದ ಕಟಾವು ಪ್ರಯೋಗಗಳಲ್ಲಿ ಎಷ್ಟನ್ನು ಲೇಖಕರಲ್ಲಿ ಒಬ್ಬರಾದರೂ ಕಣ್ಣಾರೆ ಕಂಡಿದ್ದಾರೆ? ಉತ್ತರ ಇಲ್ಲದ ಪ್ರಬಂಧವನ್ನು ವಾಪಸ್ ಕಳಿಸುವ ಅಧಿಕಾರ ಪರಿಶೀಲಕನಿಗಿದೆ.

ರಾಜ್ಯ ಸರ್ಕಾರದ ಕಡೆಯಿಂದ ಬೇಕಾದದ್ದೂ ಹೆಚ್ಚಿಲ್ಲ. ಮುಂಗಾರಿನ ವಿಮಾ ಅಧಿಸೂಚನೆ ಹೊರಡುವಾಗ ಯಾವ ಬೆಳೆಗೆ ಯಾವ ಮಾಡೆಲ್, ಹಿಂದಿನ ಬರದ ವರ್ಷಗಳಲ್ಲಿ ಪಂಚಾಯಿತಿವಾರು ಅದು ಹೇಳಿದ್ದೆಷ್ಟು, ತಕ್ಕಡಿ ಹೇಳಿದ್ದೆಷ್ಟು ಎಂಬ ಪಟ್ಟಿ ಅದರ ಹಿಂದೆಯೇ ಇರಬೇಕು, ಕನ್ನಡದಲ್ಲಿ, ಪಂಚಾಯಿತಿಯ ಗೋಡೆಯ ಮೇಲೆ. ತಕ್ಕಡಿಗೂ ಮಾಡೆಲ್‌ಗೂ ವ್ಯತ್ಯಾಸ ಇಷ್ಟಕ್ಕಿಂತ ಹೆಚ್ಚಾದ ಕಡೆ ಇನ್ನೂ ನಾಲ್ಕು ಚೌಕ ಕೊಯ್ಯಿಸಬೇಕು. ಎಂಟು ತುಂಡು ಎಂದರೆ ಎರಡು ಗುಂಟೆ. ಒಂದು ದಿನದ ಕೂಲಿ, ಒಂದು ದಿನದ ಭತ್ಯೆ.